ಅತ್ತೆಯ ಮೊಣಕಾಲಿನ ಅಳತೆಗೆ ಒಂದು ಲಿನನ್ ಸೋಫಾ

ಹಳೆಯ ಸೋಫಾ ಬಿಚ್ಚಿಸಿದ ದಿನದಿಂದಲೇ ಶುರು ಮಾಡುತ್ತೇನೆ. ಶೋರೂಮಿನಿಂದ ತಂದು ಇನ್ನೂ ಮೂರು ವರ್ಷ ತುಂಬಿರಲಿಲ್ಲ, ಕೂತರೆ ತಳ ಮುಟ್ಟುತ್ತಿತ್ತು. ಬಟ್ಟೆ, ಫೋಮ್ ಬದಲಿಸಿದರೆ ಸಾಕು ಅಂದುಕೊಂಡು ಧಾರವಾಡದಲ್ಲೇ ಕುಶನ್ ವರ್ಕ್ಸ್ ಇಟ್ಟುಕೊಂಡಿರುವ ಚಾಚಾ ಅವರ ಹತ್ತಿರ ಗಾಡಿಯಲ್ಲಿ ಹಾಕಿಕೊಂಡು ಹೋದೆವು. ಅವರು ಸೋಫಾ ಬೋರಲು ಹಾಕಿ, ತಳದ ಕಪ್ಪು ಬಟ್ಟೆಯ ಪಿನ್ನುಗಳನ್ನು ಇಕ್ಕಳದಿಂದ ಒಂದೊಂದಾಗಿ ಕಿತ್ತರು. ಒಳಗೆ ಕೈ ಹಾಕಿ ಮುರಿದ ಚೌಕಟ್ಟಿನ ಒಂದು ತುಂಡು ತೆಗೆದು ನನ್ನ ಅಂಗೈಯಲ್ಲಿಟ್ಟರು. ಪಾರ್ಟಿಕಲ್ ಬೋರ್ಡ್. ಬೆರಳಲ್ಲಿ ಹಿಚುಕಿದರೆ ತೌಡಿನಂತೆ ಉದುರಿತು.

"ಅಕ್ಕಾರ, ಇದಕ್ಕ ಹೊಸಾ ಬಟ್ಟಿ ಹಾಕೋದಂದ್ರ ಹೆಣಕ್ಕ ಸಿಂಗಾರ ಮಾಡಿದಂಗರಿ" ಅಂದರು ಚಾಚಾ.

ಸೀಟಿನ ಫೋಮನ್ನೂ ಅಲ್ಲೇ ತೂಗಿಸಿದೆವು. ತುಂಡಿನ ಅಳತೆ 24 ಇಂಚು ಉದ್ದ, 24 ಇಂಚು ಅಗಲ, 5 ಇಂಚು ದಪ್ಪ. ಬಿಲ್ಲಿನಲ್ಲಿ '32 ಡೆನ್ಸಿಟಿ' ಎಂದು ಬರೆದಿತ್ತು. ಒಂದು ಘನ ಮೀಟರ್ ಫೋಮ್ ಎಷ್ಟು ಕೆಜಿ ತೂಗುತ್ತದೆ ಎಂಬ ಲೆಕ್ಕಕ್ಕೆ ಡೆನ್ಸಿಟಿ ಅನ್ನುತ್ತಾರೆ. 32 ಆಗಿದ್ದರೆ ಆ ತುಂಡು ಒಂದೂವರೆ ಕೆಜಿ ಇರಬೇಕಿತ್ತು. ಪಕ್ಕದ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ 860 ಗ್ರಾಂ ಬಂತು. ಅಂದರೆ ಬರೀ 18ರ ಆಸುಪಾಸು. ಬಿಲ್ಲು ಎತ್ತಿಕೊಂಡು ಶೋರೂಮಿಗೆ ಹೋದರೆ ವಾರಂಟಿ ಒಂದೇ ವರ್ಷ ಅಂದರು. ಆ ವ್ಯವಹಾರ ಅಲ್ಲಿಗೇ ಬಿಟ್ಟೆ.

ನನಗೆ ಸಂಕಟವಾಗಿದ್ದು ದುಡ್ಡು ಹೋಯಿತೆಂದಲ್ಲ. ಅತ್ತೆಗೆ 71 ವರ್ಷ, ಎರಡೂ ಮೊಣಕಾಲು ಸವೆದಿವೆ. ಆ ಸೋಫಾದಲ್ಲಿ ಕೂತರೆ ಅವರ ಮೊಣಕಾಲು ಸೊಂಟಕ್ಕಿಂತ ಮೇಲೆ ಬರುತ್ತಿತ್ತು. ಏಳುವಾಗ ನಾನೊಂದು ಕೈ, ಮಗಳೊಂದು ಕೈ ಹಿಡಿದು ಎಬ್ಬಿಸಬೇಕು. "ಇದ್ರಾಗ ಕುಂತ್ರ ಏಳಾಕ ಇಬ್ಬರು ಬೇಕು ನೋಡವಾ" ಎಂದು ಎರಡು ಸಲ ಅಂದರು, ಮೂರನೆಯ ಸಲ ಅನ್ನಲಿಲ್ಲ. ಪಡಸಾಲೆಗೆ ಬರುವುದನ್ನೇ ಬಿಟ್ಟರು. ಮನೆಗೆ ಬಂದವರ ಜೊತೆ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತೇ ಮಾತಾಡುತ್ತಿದ್ದರು. ಅಷ್ಟಾದ ಮೇಲೆ ನಾನು ಗಟ್ಟಿ ಮನಸ್ಸು ಮಾಡಿದೆ: ಹೊಸ ಸೋಫಾದ ಅಳತೆ ಗೋಡೆಯಿಂದ ಶುರುವಾಗಬಾರದು, ಅತ್ತೆಯ ಕಾಲಿನಿಂದ ಶುರುವಾಗಬೇಕು.

ಒಂದು ಭಾನುವಾರ ಊಟದ ಟೇಬಲ್ಲಿನ ಬೆಂಚು ಗೋಡೆಗೆ ಹಚ್ಚಿ ಇಟ್ಟೆವು. ಅದರ ಮೇಲೆ ಅತ್ತೆಯೇ ಹೊಲಿದ ಕೌದಿಗಳನ್ನು ಮಡಚಿ ಹಾಕುತ್ತ ಹೋದೆ. ಒಂದು ಮಡಿಕೆ ಹಾಕಿ ಕೂರಿಸುವುದು, ಏಳಿಸುವುದು, ಮತ್ತೊಂದು ಮಡಿಕೆ ಹಾಕುವುದು. ಮಗಳು ಟೇಪು ಹಿಡಿದು ಬರೆದುಕೊಂಡಳು. ಹಿಮ್ಮಡಿಯಿಂದ ಮೊಣಕಾಲಿನ ಹಿಂಬದಿಯ ಮಡಿಕೆಯವರೆಗೆ 16 ಇಂಚು. ಸೀಟು 17 ಇಂಚಿಗೆ ಬಂದಾಗ ಅತ್ತೆ ಯಾರ ಕೈಯನ್ನೂ ಹಿಡಿಯದೆ ಎದ್ದರು. 18 ಮಾಡಿದರೆ ಏಳುವುದು ಇನ್ನೂ ಸುಲಭ, ಆದರೆ ಕೂತಾಗ ಪಾದ ಪೂರ್ತಿ ನೆಲಕ್ಕೆ ಊರುತ್ತಿರಲಿಲ್ಲ, ತೊಡೆಯ ಕೆಳಗೆ ಒತ್ತುತ್ತದೆ ಅಂದರು. ಹಾಗಾಗಿ 17 ಎಂದು ತೀರ್ಮಾನಿಸಿದೆವು. ಇದು ಕೂತ ಮೇಲಿನ ಎತ್ತರ ಎಂಬುದನ್ನು ಮರೆಯಬಾರದು. ಒಳ್ಳೆಯ ಫೋಮೂ ಭಾರಕ್ಕೆ ಒಂದಿಂಚಾದರೂ ತಗ್ಗುತ್ತದೆ, ಆದ್ದರಿಂದ ಖಾಲಿ ಇದ್ದಾಗ 18 ಇರಬೇಕು.

ಆ ದಿನ ಇನ್ನೊಂದು ಕಣ್ಣಿಗೆ ಬಿತ್ತು. ಏಳುವ ಮುಂಚೆ ಅತ್ತೆ ಪಾದಗಳನ್ನು ಹಿಂದಕ್ಕೆ, ಬೆಂಚಿನ ಕೆಳಗೆ ಎಳೆದುಕೊಳ್ಳುತ್ತಿದ್ದರು. ನಾವೆಲ್ಲ ಹಾಗೇ ಏಳುವುದು, ಗಮನಿಸಿರುವುದಿಲ್ಲ ಅಷ್ಟೆ. ಹಳೆಯ ಸೋಫಾ ನೆಲದವರೆಗೆ ಡಬ್ಬಿಯ ಹಾಗೆ ಮುಚ್ಚಿತ್ತು, ಪಾದ ಹಿಂದೆ ಹೋಗಲು ಜಾಗವೇ ಇರಲಿಲ್ಲ. ಹೊಸದಕ್ಕೆ 6 ಇಂಚಿನ ಕಾಲು ಬೇಕು, ಮುಂದುಗಡೆ ತೆರೆದಿರಬೇಕು ಎಂದು ಅಂದೇ ಬರೆದಿಟ್ಟುಕೊಂಡೆ. ಕಸಬರಿಗೆಯೂ ಸಲೀಸಾಗಿ ಒಳಗೆ ಹೋಗುತ್ತದೆ.

ಆಮೇಲೆ ಹುಬ್ಬಳ್ಳಿಗೆ ಹೋಗಿ ಕೊಪ್ಪಿಕರ್ ರಸ್ತೆ, ದುರ್ಗದ ಬೈಲ್ ಎಲ್ಲ ಕಡೆ ನೋಡಿದೆವು. ಶೋರೂಮಿನ ಸೋಫಾಗಳ ಸೀಟು ಹೆಚ್ಚಾಗಿ 24 ಇಂಚು ಆಳ, ಎತ್ತರ 16. ಅತ್ತೆಯ ಬೆನ್ನು ಹಿಂದೆ ಒರಗಿದರೆ ಪಾದ ಮೇಲೆ ತೂಗುತ್ತದೆ, ಪಾದ ಊರಿದರೆ ಬೆನ್ನಿಗೆ ಆಸರೆ ಇಲ್ಲ. ಕಾಲು ಚಾಚಿ ಟಿವಿ ನೋಡುವವರಿಗೆ ಅದು ಸರಿ. ನಾವು ಮಾಡಿಸುವುದೇ ವಾಸಿ ಅನ್ನಿಸಿತು. ನನ್ನ ಯಜಮಾನರು ಎತ್ತರದವರು, ಅತ್ತೆ ಗಿಡ್ಡ. ಹಾಗಾಗಿ ಸೀಟಿನ ಆಳ 21 ಇಟ್ಟು, ಅತ್ತೆ ಕೂರುವ ಮೂಲೆಗೆ ಮಾತ್ರ ಸೊಂಟದ ಹಿಂದೆ 4 ಇಂಚಿನ ಗಟ್ಟಿ ದಿಂಬು ಬೇರೆ ಮಾಡಿಸಿದೆ. ಒಬ್ಬರಿಗಾಗಿ ಇಡೀ ಸೋಫಾ ಕಿರಿದು ಮಾಡುವ ಅಗತ್ಯ ಬೀಳಲಿಲ್ಲ.

ಇನ್ನು ಬಟ್ಟೆ. ಲಿನನ್ ಬೇಕೆಂಬುದು ನನ್ನ ಬಹಳ ದಿನದ ಆಸೆ. ರೆಕ್ಸಿನ್ ಮೇಲೆ ಏಪ್ರಿಲ್ ಮಧ್ಯಾಹ್ನ ಕೂತವರಿಗೆ ಬೆವರು ಅಂಟುವ ಕಷ್ಟ ಗೊತ್ತು. ಲಿನನ್ ಬೆವರು ಹೀರಿ ಬೇಗ ಆರುತ್ತದೆ, ಮುಟ್ಟಿದರೆ ತಂಪು. ನೂಲಿನಲ್ಲಿ ಅಲ್ಲಲ್ಲಿ ದಪ್ಪ ಗಂಟು ಇರುತ್ತವಲ್ಲ, ಆ ಒರಟು ಚೆಂದ ಬೇರೆ ಯಾವ ಬಟ್ಟೆಗೂ ಬರುವುದಿಲ್ಲ.

ಆದರೆ ಸೋಫಾ ಬಟ್ಟೆಯ ಅಂಗಡಿಗಳಲ್ಲಿ 'ಲಿನನ್' ಎಂದು ಬಿಚ್ಚಿ ತೋರಿಸಿದ್ದರಲ್ಲಿ ಹೆಚ್ಚಿನವು ಲಿನನ್ನಿನ ಹಾಗೆ ಕಾಣುವಂತೆ ನೇಯ್ದ ಪಾಲಿಯೆಸ್ಟರ್. ಒಂದು ಅಂಗಡಿಯಲ್ಲಿ "ಪ್ಯೂರ್ ಐತ್ರಿ ಮೇಡಂ" ಅಂದಾಗ ತುದಿಯಿಂದ ಒಂದು ಉದ್ದದ ಎಳೆ, ಒಂದು ಅಡ್ಡದ ಎಳೆ ಕೇಳಿ ತಗೊಂಡು ಹೊರಗೆ ಬಂದು ಕಡ್ಡಿ ಗೀರಿದೆ. ಎಳೆ ಕರಗಿ ಮುದುಡಿ, ತುದಿಯಲ್ಲಿ ಕಪ್ಪು ಮಣಿ ಕಟ್ಟಿತು. ಉಗುರಿನಿಂದ ಒತ್ತಿದರೂ ಪುಡಿಯಾಗಲಿಲ್ಲ. ನಿಜವಾದ ಲಿನನ್ ಕಾಗದದಂತೆ ಉರಿಯುತ್ತದೆ, ವಾಸನೆಯೂ ಸುಟ್ಟ ಕಾಗದದ್ದೇ, ಉಳಿಯುವುದು ಮೆತ್ತಗಿನ ಬೂದಿ. ಹತ್ತಿಯೂ ಹಾಗೇ ಉರಿಯುವುದರಿಂದ ಅವೆರಡನ್ನು ಬೇರೆ ಮಾಡಲು ಬೆಂಕಿ ಸಾಲದು. ಎಳೆಯನ್ನು ಎಳೆದು ಹರಿದು ನೋಡಬೇಕು. ಹತ್ತಿಯ ತುದಿ ಕುಂಚದಂತೆ ಕೆದರಿರುತ್ತದೆ, ಲಿನನ್ನಿನದು ಚೂಪಾಗಿ ನೆಟ್ಟಗಿರುತ್ತದೆ.

ಈ ಹುಡುಕಾಟದಲ್ಲಿ ನನಗೆ ಅತ್ಯಂತ ಖುಷಿ ಕೊಟ್ಟ ಸಂಗತಿ ಒಂದಿದೆ. ಲಿನನ್ ಅಂದರೆ ಅಗಸೆ ಗಿಡದ ಕಾಂಡದ ನಾರು. ನಾವು ರೊಟ್ಟಿ ಜೊತೆ ತಿನ್ನುವ ಅಗಸಿ ಹಿಂಡಿಯ ಅದೇ ಅಗಸೆ! ನಮ್ಮ ಕಡೆಯ ಹೊಲಗಳಲ್ಲಿ ಬೆಳೆಯುವುದು ಕಾಳಿನ ತಳಿ, ಗಿಡ್ಡವಾಗಿ ಕವಲೊಡೆಯುತ್ತದೆ. ನಾರಿನ ತಳಿ ಹೆಚ್ಚಾಗಿ ಫ್ರಾನ್ಸ್, ಬೆಲ್ಜಿಯಂ ಕಡೆಯದು. ಒತ್ತೊತ್ತಾಗಿ ಬಿತ್ತಿ ಸುಮಾರು ಒಂದು ಮೀಟರ್ ಎತ್ತರ ನೆಟ್ಟಗೆ ಬೆಳೆಸಿ, ಕೊಯ್ಯದೆ ಬೇರುಸಮೇತ ಕಿತ್ತು, ಹೊಲದಲ್ಲೇ ಇಬ್ಬನಿಗೆ ಕೊಳೆಯಲು ಬಿಟ್ಟು ಆಮೇಲೆ ನಾರು ಬಿಡಿಸುತ್ತಾರೆ. ನಮ್ಮ ದೇಶದ ದೊಡ್ಡ ಲಿನನ್ ಗಿರಣಿಗಳೂ ನಾರನ್ನು ಅಲ್ಲಿಂದಲೇ ತರಿಸುತ್ತವೆ, ಬೆಲೆ ಏರುವುದಕ್ಕೆ ಅದೂ ಒಂದು ಕಾರಣ. ಇದನ್ನು ಹೇಳಿದಾಗ ಅತ್ತೆ ಸ್ಯಾಂಪಲ್ ತುಂಡನ್ನು ಮೂಗಿಗೆ ಹಿಡಿದು ನೋಡಿದರು.

ಕೊನೆಗೆ ತಗೊಂಡಿದ್ದು ನೂರಕ್ಕೆ ನೂರು ಲಿನನ್ ಅಲ್ಲ. 55 ಭಾಗ ಲಿನನ್, 45 ಭಾಗ ಹತ್ತಿ. ಲಿನನ್ ನಾರಿಗೆ ಹಿಗ್ಗಿ ಕುಗ್ಗುವ ಗುಣ ಕಡಿಮೆ, ಮಡಿಚಿದಲ್ಲೇ ಸುಕ್ಕು ಕೂರುತ್ತದೆ, ಒಂದೇ ಗೆರೆಯಲ್ಲಿ ಮಡಿಸುತ್ತಲೇ ಇದ್ದರೆ ಅಲ್ಲೇ ಸೀಳುತ್ತದೆ. ಹತ್ತಿ ಸೇರಿದರೆ ಸ್ವಲ್ಪ ಮೆತ್ತಗಾಗುತ್ತದೆ. ಅಂಗಿಯ ಲಿನನ್ ಸೋಫಾಕ್ಕೆ ನಡೆಯುವುದಿಲ್ಲ, ನಾನು ಆರಿಸಿದ್ದು ಚದರ ಮೀಟರಿಗೆ 380 ಗ್ರಾಂ ತೂಕದ್ದು. ಸ್ಯಾಂಪಲ್ ಪುಸ್ತಕದ ಹಿಂದೆ ಮಾರ್ಟಿಂಡೇಲ್ 25,000 ಎಂದಿತ್ತು. ಬಟ್ಟೆಯನ್ನು ಯಂತ್ರದಲ್ಲಿ ಉಣ್ಣೆಬಟ್ಟೆಗೆ ತಿಕ್ಕುತ್ತ, ಎಳೆ ಹರಿಯುವ ಮುಂಚೆ ಎಷ್ಟು ಸಲ ತಾಳಿಕೊಂಡಿತು ಎಂದು ಎಣಿಸುವ ಪರೀಕ್ಷೆ ಅದು. ದಿನವೂ ಬಳಸುವ ಮನೆಯ ಸೋಫಾಕ್ಕೆ 15,000ಕ್ಕಿಂತ ಕಡಿಮೆ ಇದ್ದರೆ ನಾನಂತೂ ಮುಟ್ಟುವುದಿಲ್ಲ. ಬಣ್ಣ ಜೋಳದ ಹಿಟ್ಟಿನದು. ನಮ್ಮೂರಿನ ಕೆಂಪು ಧೂಳು ಅದರ ಮೇಲೆ ಬೇಗ ಎದ್ದು ಕಾಣುವುದಿಲ್ಲ, ಕಿಟಕಿಯ ಬಿಸಿಲಿಗೆ ಕಡು ಬಣ್ಣದ ಹಾಗೆ ಮಾಸಿದ್ದೂ ತಿಳಿಯುವುದಿಲ್ಲ.

ಹೊಲಿಯುವ ಮುಂಚೆ ಬಟ್ಟೆ ನೆನೆಸಲೇಬೇಕು. ಇದನ್ನು ಎಲ್ಲರಿಗೂ ಕೈಮುಗಿದು ಹೇಳುತ್ತೇನೆ. ಮೊದಲು 50 ಸೆಂಟಿಮೀಟರಿನ ಚೌಕ ತುಂಡಿಗೆ ಪೆನ್ನಿನಿಂದ ಗುರುತು ಹಾಕಿ ಒಗೆದು ನೋಡಿದೆ. ಒಣಗಿದ ಮೇಲೆ ಉದ್ದ 48, ಅಗಲ 48.5. ಹಾಗೇ ಹೊಲಿಸಿಬಿಟ್ಟಿದ್ದರೆ ಮೊದಲ ಒಗೆತಕ್ಕೇ ಕವರ್ ಬಿಗಿದು ಚೈನು ಕೂರುತ್ತಿರಲಿಲ್ಲ. ಚಾಚಾ 11 ಮೀಟರ್ ಸಾಕು ಅಂದಿದ್ದರು, ನಾನು 12 ತಗೊಂಡೆ. ಒಣಗಿದ್ದಾಗಲೇ ಆರು ಕೆಜಿ ದಾಟುವ ಬಟ್ಟೆ, ನೀರು ಕುಡಿದ ಮೇಲೆ ಒಬ್ಬರಿಂದ ಎತ್ತಲಾಗಲಿಲ್ಲ. ನಾನೂ ಯಜಮಾನರೂ ಎರಡು ತುದಿ ಹಿಡಿದು ಮಾಳಿಗೆಗೆ ಒಯ್ದು, ಹಿಂಡದೆ, ನೆರಳಲ್ಲಿ ಹಗ್ಗದ ಮೇಲೆ ಹರವಿದೆವು. ಇಡೀ ದಿನ ನೀರು ತೊಟ್ಟಿಕ್ಕಿತು.

ಚೌಕಟ್ಟು ಬಡಿಗೇರರಿಂದ ಮಾಡಿಸಿದೆ. ಒಳಗೆಲ್ಲ ಮತ್ತಿ ಕಟ್ಟಿಗೆ, ಕಣ್ಣಿಗೆ ಕಾಣುವ ಕಾಲು ಮತ್ತು ಕೈಗಳಿಗೆ ಸಾಗವಾನಿ. ಮೂಲೆಗಳಲ್ಲಿ ಬರೀ ಮೊಳೆ ಹೊಡೆಯದೆ ಒಂದರೊಳಗೊಂದು ಕೂರಿಸಿ, ಒಳಗಿನಿಂದ ತ್ರಿಕೋನದ ತುಂಡು ಕೊಟ್ಟು ಸ್ಕ್ರೂ ಹಾಕಿಸಿದೆ. ಮುಗಿದ ಮೇಲೆ ಮುಂದಿನ ಒಂದು ಕಾಲನ್ನು ಅರ್ಧ ಅಡಿ ಎತ್ತಿ ನೋಡಿದೆ, ಆಚೆ ತುದಿಯ ಕಾಲೂ ಕೂಡಲೇ ಎದ್ದಿತು. ಅದು ನೆಲದಲ್ಲೇ ಉಳಿದರೆ ಚೌಕಟ್ಟು ತಿರುಚುತ್ತಿದೆ ಅಂತ ಅರ್ಥ, ಅಂಗಡಿಯಲ್ಲಿ ಕೊಳ್ಳುವವರೂ ಇದನ್ನು ನೋಡಬಹುದು. ಕೈಗಳು ಸೀಟಿನಿಂದ 7 ಇಂಚು ಮೇಲಿವೆ, ತುದಿಗೆ ಕುಶನ್ ಇಲ್ಲ. ಅತ್ತೆ ಅಂಗೈ ಊರಿ ಏಳಲು ಗಟ್ಟಿ ಕಟ್ಟಿಗೆಯೇ ಬೇಕು.

ಸೀಟಿನ ಕೆಳಗೆ ಬೆಲ್ಟ್ ಬೇಡ, ಜಿಗ್‌ಜಾಗ್ ಸ್ಪ್ರಿಂಗ್ ಹಾಕಿ ಎಂದೆ. ಇಲಾಸ್ಟಿಕ್ ಬೆಲ್ಟ್ ವರ್ಷಗಳು ಕಳೆದಂತೆ ಸಡಿಲಾಗುತ್ತದೆ. ಫೋಮ್ 40 ಡೆನ್ಸಿಟಿ. ಈ ಸಲ ಚಾಚಾ ತಾವೇ ತಕ್ಕಡಿಯಲ್ಲಿಟ್ಟು ತೋರಿಸಿದರು, ಅದೇ ಅಳತೆಯ ತುಂಡು 1 ಕೆಜಿ 890 ಗ್ರಾಂ. ಡೆನ್ಸಿಟಿ ಜಾಸ್ತಿ ಅಂದರೆ ಕಲ್ಲಿನಂತೆ ಗಟ್ಟಿ ಅಂತಲ್ಲ, ಬಾಳಿಕೆ ಜಾಸ್ತಿ ಅಂತ. ಒಂದೇ ಡೆನ್ಸಿಟಿಯಲ್ಲಿ ಮೆತ್ತಗಿನದೂ ಬಿಗಿಯಾದದ್ದೂ ಸಿಗುತ್ತವೆ, ಕೂತೇ ನೋಡಬೇಕು. ಮೇಲೆ ತೆಳುವಾಗಿ ರೆಕ್ರಾನ್ (ಹತ್ತಿಯಂತಿರುವ ಪಾಲಿಯೆಸ್ಟರ್ ನಾರು) ಸುತ್ತಿಸಿದ್ದರಿಂದ ಅಂಚುಗಳು ಚೂಪಾಗಿ ಕಾಣದೆ ತುಂಬಿಕೊಂಡಿವೆ.

ಖರ್ಚು ಹೀಗೆ: ಚೌಕಟ್ಟು 16,000, ಫೋಮ್ ಮತ್ತು ಸ್ಪ್ರಿಂಗ್ 11,500, ಬಟ್ಟೆ ಮೀಟರಿಗೆ 1,150ರಂತೆ 13,800, ಒಳಗಿನ ಕೋರಾ ಬಟ್ಟೆ 1,200, ಕೂಲಿ 14,000. ಒಟ್ಟು 56,500 ರೂಪಾಯಿ. ಮೂರು ಜನರ ಸೋಫಾ. ಅಗ್ಗ ಅಲ್ಲ. ಆದರೆ ಎಲ್ಲ ಕವರಿಗೂ ಚೈನು ಇದೆ, ಬಿಚ್ಚಿ ಒಗೆಯಬಹುದು, ಒಳಗೆ ಏನಿದೆ ಎಂದು ನನಗೆ ಗೊತ್ತು. ನೋಟಕ್ಕೆ ಮಾಡಿಸಿದ್ದು ಎರಡೇ: ಅಂಚಿಗೆ ಅದೇ ಬಟ್ಟೆಯ ಸಣ್ಣ ಪೈಪಿಂಗ್, ಮತ್ತು ಗುಳೇದಗುಡ್ಡ ಖಣದ ಎರಡು ದಿಂಬು. ಜೋಳದ ಹಿಟ್ಟಿನ ಬಣ್ಣದ ಮೇಲೆ ಆ ಖಣದ ಕೆಂಪು ನೋಡಬೇಕು ನೀವು.

ಈಗ ಎಂಟು ತಿಂಗಳಾಯಿತು. ಮಗಳು ಒಂದು ಸಲ ಸಾರಿನ ಬಟ್ಟಲು ಚೆಲ್ಲಿ, ಗಾಬರಿಯಲ್ಲಿ ಸಾಬೂನು ಹಚ್ಚಿಬಿಟ್ಟಳು. ಅರಿಶಿಣಕ್ಕೆ ಸಾಬೂನು ತಾಗಿದರೆ ಕೆಂಪಾಗುತ್ತದೆ, ಅತ್ತುಬಿಟ್ಟಳು ಪಾಪ. ಬಿಚ್ಚಿ ತಣ್ಣೀರಲ್ಲಿ ಚೆನ್ನಾಗಿ ಜಾಲಿಸಿ, ಕಲೆಯ ಕಡೆ ಬಿಸಿಲಿಗೆ ಹಿಡಿದಿಟ್ಟೆ. ಅರಿಶಿಣದ ಬಣ್ಣ ಬಿಸಿಲು ತಾಳುವುದಿಲ್ಲ. ಮೂರು ದಿನಕ್ಕೆ ಹೋಯಿತು. ಸೀಟಿನ ದಿಂಬುಗಳನ್ನು ತಿಂಗಳಿಗೊಮ್ಮೆ ಜಾಗ ಅದಲು ಬದಲು ಮಾಡಿ ಮಗುಚಿ ಹಾಕುತ್ತೇನೆ. ಸುಕ್ಕು ಇದ್ದೇ ಇರುತ್ತದೆ, ಇಸ್ತ್ರಿ ಮಾಡಲು ಹೋಗುವುದಿಲ್ಲ.

ಮಿಕ್ಕ ಅರ್ಧ ಮೀಟರ್ ಬಟ್ಟೆಯನ್ನು ಸೋಫಾದ ಕೈಗಳ ಮೇಲೆ, ಅಂಗೈ ಊರಿ ಊರಿ ಜಿಡ್ಡಾಗುವ ಕಡೆ ಹೊದಿಸಲು ಕತ್ತರಿಸಿಟ್ಟಿದ್ದೆ. ಒಂದು ದಿನ ಅತ್ತೆ ಅದನ್ನು ಬೆಳಕಿಗೆ ಹಿಡಿದು, "ಇದರ ಎಳಿ ಎಣಸಾಕ ಬರ್ತಾವು ನೋಡು" ಅಂದರು. ಕಸೂತಿ ಹಾಕುವುದೇ ಬಟ್ಟೆಯ ಎಳೆ ಎಣಿಸಿ. ಈ ನೇಯ್ಗೆಯಲ್ಲಿ ಎಳೆಗಳು ಕನ್ನಡಕ ಹಾಕಿದ ಕಣ್ಣಿಗೆ ಸ್ಪಷ್ಟ ಕಾಣುತ್ತವೆ. ಈಗ ಮಧ್ಯಾಹ್ನ ಊಟವಾದ ಮೇಲೆ ಕಿಟಕಿಯ ಕಡೆಯ ಮೂಲೆಯಲ್ಲಿ ದಿಂಬಿಗೆ ಬೆನ್ನು ಕೊಟ್ಟು ಕೂತು ಕಸೂತಿಯ ಗವಂತಿ ಹೊಲಿಗೆ ಹಾಕುತ್ತಾರೆ. ಒಂದು ಕೈಯ ಗೋಪುರ ಮುಗಿದಿದೆ, ಇನ್ನೊಂದು ಕಳಸದವರೆಗೆ ಬಂದಿದೆ. ಬಾಗಿಲ ಗಂಟೆ ಬಾರಿಸಿದರೆ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ಅಂಗೈ ಊರಿ ಎದ್ದು ಹೋಗಿ ತಾವೇ ತೆಗೆಯುತ್ತಾರೆ.