ಮಾಹಿತಿಗೆ ಎಷ್ಟು ದುಡ್ಡು ಕೊಡಬಹುದು? ಮೊದಲು ಲೆಕ್ಕ ಹಾಕಿ

ದಾವಣಗೆರೆಯ ಮಂಡಿಪೇಟೆಯಿಂದ ಎಪಿಎಂಸಿ ತನಕ ಯಾವ ವರ್ತಕರ ಫೋನ್ ತೆಗೆದರೂ ಧಾರಣೆ ಮೆಸೇಜುಗಳೇ. ನಾಳೆ ದರ ಏರುತ್ತಾ ಇಳಿಯುತ್ತಾ ಎಂದು ತಿಳಿಯಲು ತಿಂಗಳಿಗಿಷ್ಟು ಎಂದು ದುಡ್ಡು ಕಟ್ಟಿದವರೂ ಇದ್ದಾರೆ. ಅದೇ ಜನ ಎದುರಿಗಿರುವ ಮೆಕ್ಕೆಜೋಳ ಎಷ್ಟು ಹಸಿ ಇದೆ ಎಂದು ನೋಡಲು ಖರ್ಚು ಮಾಡುವುದಿಲ್ಲ. ನಾಲ್ಕು ಕಾಳು ಹಲ್ಲಲ್ಲಿ ಕಚ್ಚಿ ವ್ಯಾಪಾರ ಮುಗಿಸುತ್ತಾರೆ. ಇದು ಪೂರ್ತಿ ಉಲ್ಟಾ. ಯಾವ ಮಾಹಿತಿಗೆ ಎಷ್ಟು ಕೊಡಬಹುದು ಅನ್ನೋದನ್ನ ಒಂದು ಹಾಳೆಯಲ್ಲಿ ಲೆಕ್ಕ ಹಾಕಬಹುದು.

1. ನಿರ್ಧಾರ ಬರೆಯಿರಿ. ಈ 100 ಕ್ವಿಂಟಲ್ ಮೆಕ್ಕೆಜೋಳ ಕೊಳ್ಳಬೇಕೋ ಬೇಡವೋ. ಒಂದೇ ಸಾಲು ಸಾಕು.

2. ಏನೂ ಗೊತ್ತಿಲ್ಲದಿದ್ದರೆ ಏನು ಮಾಡುತ್ತೀರಿ? ಅದನ್ನೂ ಬರೆಯಿರಿ. ನಮ್ಮ ಉದಾಹರಣೆಯಲ್ಲಿ ಕೊಳ್ಳುತ್ತೀರಿ.

3. ಉತ್ತರ ಬೇರೆ ಬಂದರೆ ನಿರ್ಧಾರ ಬದಲಾಗುತ್ತಾ? ಹಳೇ ರೈತರು, ಮುಖ ಮುರಿಯೋಕಾಗಲ್ಲ, ಹಸಿ ಇದ್ದರೂ ಅದೇ ದರಕ್ಕೆ ತಗೋತೀನಿ ಅಂತೀರಾ? ಹಾಗಾದರೆ ತೇವಾಂಶದ ಪರೀಕ್ಷೆ ಬೇಡ. ಆ ಮಾಹಿತಿಯ ಬೆಲೆ ಸೊನ್ನೆ. ಅಮೆರಿಕದ ಪ್ರಾಧ್ಯಾಪಕ ರೊನಾಲ್ಡ್ ಹೋವರ್ಡ್ 1966ರಲ್ಲಿ ಈ ಲೆಕ್ಕಕ್ಕೆ ಗಣಿತದ ರೂಪ ಕೊಟ್ಟರು. ಅದರ ತಿರುಳು ಇಷ್ಟೇ: ನಿರ್ಧಾರ ಬದಲಿಸದ ಮಾಹಿತಿಗೆ ಬೆಲೆಯಿಲ್ಲ.

4. ಈಗ ರೂಪಾಯಿಗೆ ಇಳಿಸಿ. ಜನ ಎಡವುವುದು ಇಲ್ಲೇ, ನಿಧಾನವಾಗಿ ಓದಿ.

ಕ್ವಿಂಟಲ್‌ಗೆ 2,000 ರೂಪಾಯಿಗೆ ಕೊಂಡು 2,060ಕ್ಕೆ ಮಾರುತ್ತೀರಿ ಎಂದಿಟ್ಟುಕೊಳ್ಳಿ. ತೇವಾಂಶ ಶೇ 14 ಇದ್ದರೆ 100 ಕ್ವಿಂಟಲ್‌ಗೆ ಲಾಭ 6,000. ಶೇ 18 ಇದ್ದರೆ? ಹದಿನೆಂಟರಲ್ಲಿ ಹದಿನಾಲ್ಕು ಕಳೆದು, ಒಣಗಿಸಿದರೆ 4 ಕ್ವಿಂಟಲ್ ಹೋಗುತ್ತೆ ಅನ್ನೋರೇ ಜಾಸ್ತಿ. ತಪ್ಪು. ಹಸಿ ಮಾಲಿನಲ್ಲಿ 18 ಕ್ವಿಂಟಲ್ ನೀರು, 82 ಕ್ವಿಂಟಲ್ ಒಣ ಕಾಳು. ಒಣಗಿ ನೀರು ಶೇ 14ಕ್ಕೆ ಇಳಿದ ಮೇಲೆ ಆ 82, ನೂರರಲ್ಲಿ 86 ಪಾಲು ಆಗಬೇಕು. 82ನ್ನು 0.86ರಿಂದ ಭಾಗಿಸಿ: 95.35 ಕ್ವಿಂಟಲ್. ಹೋಗಿದ್ದು 4.65. ಉಳಿದದ್ದನ್ನು ಮಾರಿದರೆ ಸುಮಾರು 1,96,400 ರೂಪಾಯಿ. ಅಲ್ಲೇ 3,600 ನಷ್ಟ. ಕಣದಲ್ಲಿ ಹರವಿ ಒಣಗಿಸುವ ಕೂಲಿ 2,400 ಸೇರಿಸಿದರೆ ನಷ್ಟವೂ 6,000.

ಇನ್ನು ನಿಮ್ಮ ಹಳೇ ಪುಸ್ತಕ ತೆಗೆಯಿರಿ. ಇಂಥ 100 ಕ್ವಿಂಟಲ್‌ನ ಹತ್ತು ಲಾಟ್‌ಗಳಲ್ಲಿ ಏಳು ಒಣ, ಮೂರು ಹಸಿ ಬಂದಿವೆ ಎನ್ನೋಣ. ಪರೀಕ್ಷೆ ಮಾಡದೆ ಹತ್ತನ್ನೂ ಕೊಂಡರೆ 42,000 ಲಾಭದಲ್ಲಿ 18,000 ಹೋಗಿ ಉಳಿಯೋದು 24,000. ಹಸಿ ಲಾಟ್ ಬಿಟ್ಟು ಏಳನ್ನೇ ಕೊಂಡರೆ ಪೂರ್ತಿ 42,000. ವ್ಯತ್ಯಾಸ 18,000, ಅಂದರೆ ಲಾಟ್‌ಗೆ 1,800. ತಪ್ಪೇ ಮಾಡದ ಪರೀಕ್ಷೆಗೂ ಇದಕ್ಕಿಂತ ಒಂದು ರೂಪಾಯಿ ಜಾಸ್ತಿ ಕೊಡಬೇಡಿ.

ಪುಸ್ತಕ ಇಟ್ಟಿಲ್ಲವಾದರೆ ಇವತ್ತೇ ಶುರು ಮಾಡಿ. ಅಂದಾಜಿನ ಮೇಲೆ ಹಾಕಿದ ಲೆಕ್ಕದಲ್ಲಿ ಎಲ್ಲರಿಗೂ ಅವರವರ ಮಾಲು ಒಣಗಿದ್ದಾಗೇ ಕಾಣುತ್ತೆ.

5. ತಪ್ಪಾಗುವ ಮಾಹಿತಿಗೆ ಬೆಲೆ ಕತ್ತರಿಸಿ. ಮೂರು ಹಸಿ ಲಾಟ್‌ಗಳಲ್ಲಿ ಒಂದನ್ನು ತೇವಾಂಶ ಅಳೆಯುವ ಮೀಟರ್ ಒಣ ಎಂದು ತೋರಿಸಿದರೆ 18,000ದಲ್ಲಿ 6,000 ಹೋಯ್ತು. ಒಂದು ಒಣ ಲಾಟನ್ನು ಹಸಿ ಎಂದು ಬಿಡಿಸಿದರೆ ಇನ್ನೊಂದು 6,000. ಉಳಿದದ್ದು ಲಾಟ್‌ಗೆ 600 ಮಾತ್ರ. ಎರಡೇ ತಪ್ಪಿಗೆ ಬೆಲೆ ಮೂರನೇ ಒಂದು ಭಾಗಕ್ಕೆ ಇಳಿಯಿತು ನೋಡಿ.

ಅದಕ್ಕೇ ಹೇಳೋದು, ಮೆಕ್ಕೆಜೋಳಕ್ಕೆ ಬೇರೆ ಸೆಟ್ಟಿಂಗ್ ಇಲ್ಲದ ಅಗ್ಗದ ಮೀಟರ್ ಕೊಳ್ಳಲೇಬೇಡಿ. ಭತ್ತದ ಸೆಟ್ಟಿಂಗ್‌ನಲ್ಲಿ ಇಟ್ಟು ಮೆಕ್ಕೆಜೋಳ ನೋಡಿದರೆ ಬರುವ ಅಂಕಿ ಸುಳ್ಳು. ಬಿಸಿಲಲ್ಲಿ ಕಾದ ಕಾಳನ್ನು ಹಾಗೇ ಸುರಿಯಬೇಡಿ, ನೆರಳಲ್ಲಿ ಆರಲಿ. ಮೇಲಿನ ಚೀಲದ ಬಾಯಿಂದ ಒಂದು ಹಿಡಿ ತೆಗೆಯುವುದು ಅಡ್ಡದಾರಿ. ಒಟ್ಟಿದ ಚೀಲಗಳ ನಡುವೆ, ಅಡಿಗೆ ಸಲಾಕೆ ಚುಚ್ಚಿ ಕಾಳು ತೆಗೆದು ಬೆರೆಸಿ ನೋಡಿ.

6. ಯಾವಾಗ ಸಿಗುತ್ತೆ ನೋಡಿ. ಕಾಟಾ (ತೂಕ) ಆದಮೇಲೆ ಬಂದ ರಿಪೋರ್ಟ್‌ಗೆ ದುಡ್ಡು ಕೊಡಬೇಡಿ.

ಧಾರಣೆ ಮೆಸೇಜಿಗೂ ಇದೇ ಪ್ರಶ್ನೆ ಹಾಕಿ. ಗೋಡೌನ್ ಇಲ್ಲ, ಬೆಳಿಗ್ಗೆ ಕೊಂಡದ್ದು ಸಂಜೆ ಲಾರಿ ಹತ್ತುತ್ತೆ ಅನ್ನೋರಿಗೆ ಮುಂದಿನ ತಿಂಗಳ ದರ ಗೊತ್ತಾಗಿ ಏನು ಮಾಡೋದು? ಇವತ್ತಿನ ದರವಂತೂ ರಾಜ್ಯ ಕೃಷಿ ಮಾರಾಟ ಮಂಡಳಿಯ ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲಿ ಸುಮ್ನೆ ಸಿಗುತ್ತೆ. ಗೋಡೌನ್ ಇದ್ದವರು, ಆ ಮೆಸೇಜು ಹಿಂದೆ ಎಷ್ಟು ಸಲ ನಿಜವಾಯ್ತು ಎಂದು ಬರೆದಿಟ್ಟು ಐದನೇ ಹಂತದ ಲೆಕ್ಕ ಹಾಕಲಿ.

ಚಳ್ಳಕೆರೆಯಲ್ಲಿ ಶೇಂಗಾ ಕೊಳ್ಳುವವರಿಗೂ ಲೆಕ್ಕ ಇದೇ. ಅಲ್ಲಿ ತೇವಾಂಶದ ಜೊತೆಗೆ, ಕಾಯಿ ಒಡೆದಾಗ ನೂರು ಗ್ರಾಂಗೆ ಎಷ್ಟು ಗ್ರಾಂ ಬೀಜ ಸಿಕ್ಕಿತು ಅನ್ನೋದನ್ನೂ ತೂಗಿ ಬರೆದುಕೊಳ್ಳಬೇಕು.