ರಜೆಯಲ್ಲಿ ನೆರೆಹೊರೆಯ ಮಕ್ಕಳಿಗೆ ಪ್ರೋಗ್ರಾಮಿಂಗ್: ಹತ್ತು ದಿನ, ಒಂದೇ ಆಟ

ಒಬ್ಬರೇ ಕಲಿಸುವುದಾದರೆ ಎಂಟು ಮಕ್ಕಳಿಗಿಂತ ಹೆಚ್ಚು ಸೇರಿಸಿಕೊಳ್ಳಬೇಡಿ. ಅವರಿಗೆ ನಾಲ್ಕು ಲ್ಯಾಪ್‌ಟಾಪ್ ಸಾಕು. ಇನ್ನೂ ಇದ್ದರೂ ಹೊರತೆಗೆಯಬೇಡಿ. ಇಬ್ಬಿಬ್ಬರು ಒಟ್ಟಿಗೆ ಕೂತರೆ ಒಬ್ಬರಿಗೆ ತೋಚದ್ದು ಇನ್ನೊಬ್ಬರಿಗೆ ತೋಚುತ್ತದೆ, ಪ್ರತಿಯೊಂದಕ್ಕೂ ನಿಮ್ಮನ್ನು ಕೂಗುವುದು ತಪ್ಪುತ್ತದೆ. ಆದರೆ ಹತ್ತು ನಿಮಿಷಕ್ಕೊಮ್ಮೆ ಮೌಸ್ ಕೈ ಬದಲಾಗಲೇಬೇಕು. ಅದಕ್ಕೆ ಫೋನಿನಲ್ಲಿ ಅಲಾರಂ ಇಡಿ. ಬಾಯಿಮಾತಿಗೆ ಬಿಟ್ಟರೆ ಜೋರಿನ ಮಗುವೇ ಕೊನೆಯವರೆಗೂ ಮೌಸ್ ಹಿಡಿದು ಕೂತಿರುತ್ತದೆ.

ಎಂಟರಿಂದ ಹನ್ನೊಂದು ವರ್ಷದವರಿಗೆ ಸ್ಕ್ರ್ಯಾಚ್ ಎಂಬ ಪ್ರೋಗ್ರಾಮಿಂಗ್ ಭಾಷೆ ಸರಿಯಾದದ್ದು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಮೀಡಿಯಾ ಲ್ಯಾಬ್ 2007ರಲ್ಲಿ ಹೊರತಂದ ಇದು ಉಚಿತ. ಬ್ಲಾಕ್‌ಗಳನ್ನು (ಒಂದೊಂದೂ ಒಂದು ಆಜ್ಞೆ) ಎಳೆದು ಜೋಡಿಸುವುದರಿಂದ ಟೈಪಿಂಗ್ ತಪ್ಪಿನ ಕಾಟವಿಲ್ಲ. ಐದರಿಂದ ಏಳು ವರ್ಷದವರಿಗೆ ಸ್ಕ್ರ್ಯಾಚ್ ಜೂನಿಯರ್ ಬೇರೆಯೇ ಇದೆ. ಚಿಕ್ಕವರನ್ನೂ ದೊಡ್ಡವರನ್ನೂ ಒಂದೇ ಗುಂಪಿಗೆ ಹಾಕಿದರೆ ಇಬ್ಬರಿಗೂ ಬೇಜಾರು. ಹಿಂದಿನ ದಿನವೇ ಎಲ್ಲ ಲ್ಯಾಪ್‌ಟಾಪ್‌ಗಳಿಗೂ ಸ್ಕ್ರ್ಯಾಚ್‌ನ ಆಫ್‌ಲೈನ್ ಆ್ಯಪ್ ಹಾಕಿಡಿ. ಇಂಟರ್ನೆಟ್ ನಂಬಿ ಕೂತರೆ ಮೊದಲ ಅರ್ಧ ಗಂಟೆ ಕಾಯುವುದರಲ್ಲೇ ಹೋಗುತ್ತದೆ. ದಿನಕ್ಕೆ ಎಪ್ಪತ್ತೈದು ನಿಮಿಷ ಸಾಕು. ಅದರಲ್ಲಿ ನಿಮ್ಮ ಮಾತು ಹತ್ತು ನಿಮಿಷ ದಾಟದಿರಲಿ.

ಮೊದಲ ದಿನ ಕಂಪ್ಯೂಟರ್ ಬೇಡ. ನೆಲದ ಮೇಲೆ ಚಾಕ್‌ಪೀಸಿನಿಂದ ಉದ್ದಕ್ಕೆ ಐದು, ಅಗಲಕ್ಕೆ ಐದು ಚೌಕ ಬರೆಯಿರಿ. ಒಂದು ಮಗು ರೋಬೋ. ಉಳಿದವರು ‘ಮುಂದೆ’, ‘ಎಡಕ್ಕೆ ತಿರುಗು’, ‘ಬಲಕ್ಕೆ ತಿರುಗು’ ಎಂಬ ಚೀಟಿಗಳನ್ನು ಸಾಲಾಗಿ ಜೋಡಿಸಿ ಅದನ್ನು ಮೂಲೆಯಿಂದ ಮೂಲೆಗೆ ಮುಟ್ಟಿಸಬೇಕು. ಚೀಟಿ ಓದಲು ಶುರುಮಾಡಿದ ಮೇಲೆ ಬದಲಾಯಿಸುವಂತಿಲ್ಲ. ಇಲ್ಲಿ ಎರಡು ತಪ್ಪು ಖಾತ್ರಿ: ‘ಎಡಕ್ಕೆ ತಿರುಗು’ ಅಂದರೆ ಎಡಗಡೆಯ ಚೌಕಕ್ಕೆ ಹೋಗುವುದು ಅಂದುಕೊಳ್ಳುತ್ತಾರೆ, ಎದುರು ನಿಂತವರು ರೋಬೋದ ಎಡದ ಬದಲು ತಮ್ಮ ಎಡವನ್ನು ಲೆಕ್ಕ ಹಿಡಿಯುತ್ತಾರೆ. ಬಾಯಿಬಿಡಬೇಡಿ, ರೋಬೋ ತಪ್ಪು ಚೌಕಕ್ಕೇ ಹೋಗಲಿ. ಯಾವ ಚೀಟಿಯಲ್ಲಿ ಎಡವಿದೆವು ಎಂದು ಅವರೇ ಹುಡುಕಬೇಕು.

ಎರಡನೇ ದಿನದಿಂದ ಒಂದೇ ಆಟ: ಮೇಲಿಂದ ಬೀಳುವ ಚೆಂಡನ್ನು ಬುಟ್ಟಿಯಲ್ಲಿ ಹಿಡಿಯುವುದು. ದಿನಕ್ಕೊಂದು ಹೊಸ ಬ್ಲಾಕ್ ಎಂದು ಪಟ್ಟಿ ಒಪ್ಪಿಸಿದರೆ ಮಕ್ಕಳಿಗೆ ಹೆಸರು ಗೊತ್ತಾಗುತ್ತದೆ, ಉಪಯೋಗ ಗೊತ್ತಾಗುವುದಿಲ್ಲ. ಒಂದು ಆಟಕ್ಕೆ ದಿನಕ್ಕೊಂದು ಅಂಗ ಸೇರಿಸುತ್ತ ಹೋದರೆ ಬ್ಲಾಕ್ ಯಾಕೆ ಬೇಕಾಯಿತು ಎನ್ನುವುದು ತಾನಾಗಿ ತಿಳಿಯುತ್ತದೆ.

ಮೊದಲು ಸ್ಟೇಜಿನ, ಅಂದರೆ ಆಟ ಕಾಣುವ ಚೌಕಟ್ಟಿನ, ಅಳತೆ ಹೇಳಿಕೊಡಿ. ನಡುವಿನ ಬಿಂದು ಸೊನ್ನೆ. ಎಕ್ಸ್ (ಅಡ್ಡ ಅಳತೆ) ಎಡಕ್ಕೆ -240, ಬಲಕ್ಕೆ 240. ವೈ (ಎತ್ತರದ ಅಳತೆ) ಮೇಲಕ್ಕೆ 180, ಕೆಳಕ್ಕೆ -180. ಋಣಸಂಖ್ಯೆ ಕಲಿಯದ ಮಕ್ಕಳಿಗೆ ವಿವರಣೆ ಕೊಡಲು ಹೋಗದೆ ಸ್ಪ್ರೈಟನ್ನು (ಚೆಂಡು, ಬುಟ್ಟಿಯಂಥ ಚಿತ್ರವನ್ನು) ಎಳೆದಾಡಿಸಿ, ಸಂಖ್ಯೆ ಬದಲಾಗುವುದನ್ನು ನೋಡಲಿ.

ಬುಟ್ಟಿ ಅಲ್ಲಾಡಿಸಲು ಎಲ್ಲರೂ ‘ವೆನ್ ರೈಟ್ ಆ್ಯರೋ ಕೀ ಪ್ರೆಸ್ಡ್’ (ಬಲ ಬಾಣದ ಕೀ ಒತ್ತಿದಾಗ) ಬ್ಲಾಕನ್ನೇ ಹಿಡಿಯುತ್ತಾರೆ. ಕೀ ಒತ್ತಿ ಹಿಡಿದರೆ ಬುಟ್ಟಿ ಒಂದು ಹೆಜ್ಜೆ ಇಟ್ಟು, ಚೂರು ನಿಂತು, ಆಮೇಲೆ ಓಡುತ್ತದೆ. ಕೀಬೋರ್ಡ್ ಅಕ್ಷರವನ್ನು ಮತ್ತೆ ಮತ್ತೆ ಕಳಿಸುವ ಮೊದಲು ತುಸು ತಡೆಯುವುದೇ ಇದಕ್ಕೆ ಕಾರಣ. ಈ ಮುಗ್ಗರಿಕೆಯನ್ನು ಅವರೇ ಗಮನಿಸಿ ದೂರುವವರೆಗೆ ಕಾಯಿರಿ. ಆಗ ‘ಫಾರೆವರ್’ (ಸದಾ ಮಾಡುತ್ತಿರು) ಒಳಗೆ ‘ಇಫ್’ (ಹೀಗಿದ್ದರೆ) ಇಟ್ಟು, ಕೀ ಒತ್ತಿದೆಯೇ ಎಂದು ಪರೀಕ್ಷಿಸಿ, ಎಕ್ಸ್‌ಗೆ 10 ಕೂಡಿಸುವುದನ್ನು ತೋರಿಸಿ. ಲೂಪ್‌ನ, ಅಂದರೆ ಮತ್ತೆ ಮತ್ತೆ ನಡೆಯುವ ಆಜ್ಞೆಯ, ಪಾಠಕ್ಕೆ ಇದಕ್ಕಿಂತ ಒಳ್ಳೆಯ ನೆಪ ಸಿಗಲಾರದು. ‘ಫಾರೆವರ್’ ಕೆಳಗೆ ಇನ್ನೊಂದು ಬ್ಲಾಕ್ ಅಂಟಿಸಲು ಒದ್ದಾಡುವವರು ಇದ್ದೇ ಇರುತ್ತಾರೆ. ಮುಗಿಯದ ಕೆಲಸಕ್ಕೆ ‘ಆಮೇಲೆ’ ಇಲ್ಲ, ಅದಕ್ಕೇ ಅಲ್ಲಿ ಕೊಂಡಿಯೂ ಇಲ್ಲ.

ಚೆಂಡಿಗೆ: ಎಕ್ಸ್ -220ರಿಂದ 220ರ ನಡುವೆ ಯಾವುದೋ ಒಂದು ಸಂಖ್ಯೆ, ವೈ 170. ಅಲ್ಲಿಂದ ‘ಫಾರೆವರ್’ ಒಳಗೆ ವೈಗೆ -5 ಕೂಡಿಸುತ್ತ ಹೋಗಲಿ. ನೆಲ ಮುಟ್ಟಿತೇ ಎಂದು ನೋಡಲು ಮಕ್ಕಳು ‘ವೈ -180ಕ್ಕಿಂತ ಕಡಿಮೆ’ ಎಂದು ಬರೆಯುತ್ತಾರೆ. ಸಣ್ಣ ಚೆಂಡಾದರೆ ಅದು ಅಂಚಿನಲ್ಲೇ ಸಿಕ್ಕಿಕೊಂಡು ಮೇಲೆ ಬರುವುದೇ ಇಲ್ಲ, ಯಾಕೆಂದರೆ ಸ್ಕ್ರ್ಯಾಚ್ ಯಾವ ಸ್ಪ್ರೈಟನ್ನೂ ಪೂರ್ತಿ ಸ್ಟೇಜಿನಾಚೆ ಹೋಗಗೊಡುವುದಿಲ್ಲ. -170 ಎಂದು ಹಾಕಿಸಿ.

ಸ್ಕೋರ್‌ನಲ್ಲಿ ಎರಡು ತೊಂದರೆ. ಒಂದು, ಆಟ ಶುರುಮಾಡುವ ಹಸಿರು ಬಾವುಟ ಒತ್ತಿದಾಗ ಸ್ಕೋರನ್ನು ಸೊನ್ನೆ ಮಾಡದಿದ್ದರೆ ಹಿಂದಿನ ಆಟದ ಅಂಕವೇ ಮುಂದುವರಿಯುತ್ತದೆ. ಇನ್ನೊಂದು, ಬುಟ್ಟಿ ತಾಗಿದ ಕೂಡಲೇ ಚೆಂಡನ್ನು ಮೇಲೆ ಕಳಿಸದಿದ್ದರೆ ಒಂದೇ ಚೆಂಡಿಗೆ ಹತ್ತಿಪ್ಪತ್ತು ಅಂಕ ಏರುತ್ತದೆ. ಲೂಪ್ ಸೆಕೆಂಡಿಗೆ ಸುಮಾರು 30 ಸಲ ಸುತ್ತುತ್ತದೆ, ತಾಗಿಕೊಂಡಿರುವಷ್ಟೂ ಹೊತ್ತು ಕೂಡುತ್ತಲೇ ಇರುತ್ತದೆ. ಮಕ್ಕಳಿಗೆ ಈ ಬಗ್ (ಪ್ರೋಗ್ರಾಮಿನ ತಪ್ಪು) ಬಲು ಇಷ್ಟ, ಸರಿಪಡಿಸಲು ಮನಸ್ಸೇ ಇರುವುದಿಲ್ಲ. ಸ್ವಲ್ಪ ಹೊತ್ತು ಆಡಲು ಬಿಡಿ.

ಸಹಾಯ ಕೇಳಿದಾಗ ಮೌಸ್ ಮುಟ್ಟಬೇಡಿ. ‘ಏನಾಗಬೇಕಿತ್ತು? ಏನಾಯಿತು? ಅದನ್ನು ಹೇಳಿದ ಬ್ಲಾಕ್ ಯಾವುದು?’ ಎಂದು ಇದೇ ಕ್ರಮದಲ್ಲಿ ಕೇಳಿ. ಮೂರನೇ ಪ್ರಶ್ನೆಗೆ ಬರುವಷ್ಟರಲ್ಲಿ ಬಹಳಷ್ಟು ಮಕ್ಕಳು ತಾವೇ ಬ್ಲಾಕ್ ಎಳೆಯತೊಡಗಿರುತ್ತಾರೆ.

ಮುಗಿಸುವ ಹತ್ತು ನಿಮಿಷ ಮುಂಚೆ ಎಲ್ಲರೂ ಫೈಲ್ ಉಳಿಸಲಿ: ಜೋಡಿಯ ಹೆಸರು, ದಿನದ ಸಂಖ್ಯೆ. ಹಳೆಯ ಫೈಲಿನ ಮೇಲೇ ಉಳಿಸಿದರೆ ಕೆಟ್ಟುಹೋದ ಆಟದಿಂದ ನಿನ್ನೆಯದಕ್ಕೆ ಹಿಂತಿರುಗಲು ದಾರಿಯಿಲ್ಲ.

ಹನ್ನೆರಡು ದಾಟಿ, ಟೈಪಿಂಗ್ ಬರುವವರಿಗೆ ನೇರ ಪೈಥಾನ್, ಅಂದರೆ ಟೈಪ್ ಮಾಡಿ ಬರೆಯುವ ಪ್ರೋಗ್ರಾಮಿಂಗ್ ಭಾಷೆ, ಕೊಡಬಹುದು. ಅದರಲ್ಲೇ ಇರುವ, ಚಿತ್ರ ಬಿಡಿಸುವ ಟರ್ಟಲ್ ಎಂಬ ಸಲಕರಣೆಯಿಂದ ಶುರುಮಾಡಿ. ಫೈಲಿಗೆ ಮಾತ್ರ ಟರ್ಟಲ್ ಎಂದೇ ಹೆಸರಿಡಲು ಬಿಡಬೇಡಿ. ಪೈಥಾನ್ ತನ್ನ ಟರ್ಟಲ್ ಬಿಟ್ಟು ಮಗುವಿನ ಫೈಲನ್ನೇ ತೆರೆದು ಎರರ್ ಕೊಡುತ್ತದೆ. ಟೈಪ್ ಮಾಡಿದ್ದನ್ನು ಓದಿಕೊಳ್ಳುವ ‘ಇನ್‌ಪುಟ್’ ಕೊಡುವುದು ಸಂಖ್ಯೆಯಲ್ಲ, ಅಕ್ಷರ. 2 ಮತ್ತು 3 ಕೂಡಿಸಿದರೆ 23 ಬರುತ್ತದೆ, ಅಕ್ಷರವನ್ನು ಸಂಖ್ಯೆಯಾಗಿಸುವ ‘ಇಂಟ್’ ಹಾಕಿದರೆ 5. ಎರರ್‌ನ ಕೆಂಪು ಅಕ್ಷರ ಕಂಡು ಗಾಬರಿಯಾದವರಿಗೆ ಕೊನೆಯ ಸಾಲನ್ನು ಮೊದಲು ಓದಿಸಿ, ಆಮೇಲೆ ಅದರ ಮೇಲಿರುವ ಸಾಲಿನ ಸಂಖ್ಯೆ ಹುಡುಕಿಸಿ. ಆ ಸಾಲಿನಲ್ಲಿ ತಪ್ಪು ಕಾಣದಿದ್ದರೆ ಹಿಂದಿನ ಸಾಲು ನೋಡಲಿ, ಮುಚ್ಚದ ಆವರಣ (ಬ್ರಾಕೆಟ್) ಅಲ್ಲಿರಬಹುದು.