ಟೈಫಾಯ್ಡ್ ಅನುಮಾನವೇ? ಮಾತ್ರೆಗೆ ಮೊದಲು ಕಲ್ಚರ್‌ಗೆ ರಕ್ತ ಕೊಡಿ

ನಾಲ್ಕು ದಿನವಾದರೂ ಜ್ವರ ಇಳಿದಿಲ್ಲ, ಊಟ ಸೇರುತ್ತಿಲ್ಲ, ಹೊಟ್ಟೆಯೂ ಸರಿಯಿಲ್ಲ. ಆಗ ಮೆಡಿಕಲ್ ಶಾಪಿನಲ್ಲಿ ಕೇಳಿ ಆಂಟಿಬಯೋಟಿಕ್ ನುಂಗಬೇಡಿ. ಎರಡು ಮಾತ್ರೆ ಒಳಗೆ ಹೋದರೂ ಸಾಕು, ರಕ್ತದಲ್ಲಿ ಬ್ಯಾಕ್ಟೀರಿಯಾ ಸಿಗುವುದು ಕಷ್ಟವಾಗುತ್ತದೆ.

ಮೊದಲು ಡಾಕ್ಟರ ಬಳಿ ಬ್ಲಡ್ ಕಲ್ಚರ್ ಬಗ್ಗೆ ಕೇಳಿ. ಜ್ವರದ ಮೊದಲ ವಾರದಲ್ಲೇ ಕೊಟ್ಟರೆ ಒಳ್ಳೆಯದು. ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ, ತಟ್ಟೆಯೊಂದರಲ್ಲಿ ಹರಡಿ, ಔಷಧ ಹೀರಿದ ಪುಟ್ಟ ಕಾಗದದ ಬಿಲ್ಲೆಗಳನ್ನು ಅದರ ಮೇಲಿಡುತ್ತಾರೆ. ಬಿಲ್ಲೆಯ ಸುತ್ತ ಸಾಕಷ್ಟು ಅಗಲದ ಖಾಲಿ ಜಾಗ ಉಳಿದರೆ ಆ ಔಷಧ ನಾಟುತ್ತದೆ. ಬಿಲ್ಲೆಯ ಅಂಚಿನವರೆಗೂ ಬ್ಯಾಕ್ಟೀರಿಯಾ ಬೆಳೆದಿದ್ದರೆ ಅದು ದಂಡ. ರಿಪೋರ್ಟಿನಲ್ಲಿ ಔಷಧದ ಮುಂದೆ 'ಎಸ್' ಇದ್ದರೆ ನಾಟುತ್ತದೆ, 'ಆರ್' ಇದ್ದರೆ ಇಲ್ಲ.

ಟೈಫಾಯ್ಡ್ ಪತ್ತೆಗೆ ಮಾಡುವ ಇನ್ನೊಂದು ರಕ್ತಪರೀಕ್ಷೆ ವಿಡಾಲ್ ಟೆಸ್ಟ್ ಅಗ್ಗ, ಬೇಗ ಆಗುತ್ತದೆ, ನಿಜ. ಆದರೆ ಹಳೆಯ ಸೋಂಕಿಗೂ ಬೇರೆ ಜ್ವರಕ್ಕೂ ಅದು ಪಾಸಿಟಿವ್ ತೋರಿಸಬಹುದು. ಯಾವ ಮಾತ್ರೆ ನಾಟುತ್ತದೆ ಎಂದಂತೂ ಹೇಳುವುದೇ ಇಲ್ಲ. ಕಲ್ಚರ್ ಕೂಡ ಪ್ರತಿ ಸಲ ಹಿಡಿಯುವುದಿಲ್ಲ, ರಿಪೋರ್ಟಿಗೆ ಕೆಲವು ದಿನ ಬೇಕು. ಹಾಗಂತ ಸುಮ್ನೆ ಕಾಯಬೇಕಿಲ್ಲ. ರಕ್ತ ಕೊಟ್ಟ ಮೇಲೆ ಡಾಕ್ಟರು ಹೇಳಿದ ಔಷಧ ಶುರು ಮಾಡಿ, ರಿಪೋರ್ಟ್ ಬಂದಾಗ ಬೇಕಿದ್ದರೆ ಅವರೇ ಬದಲಿಸುತ್ತಾರೆ.

ಇಷ್ಟೆಲ್ಲ ಯಾಕೆ ಅಂತೀರಾ? 1948ರಿಂದ ಟೈಫಾಯ್ಡಿಗೆ ರಾಮಬಾಣವಾಗಿದ್ದ ಕ್ಲೋರಾಂಫೆನಿಕಾಲ್ 1972ರಲ್ಲಿ ನಮ್ಮ ಪಕ್ಕದ ಕೋಯಿಕ್ಕೋಡಿನಲ್ಲೇ ಕೈಕೊಟ್ಟಿತು. ಆಮೇಲೆ ಬಂದ ಸಿಪ್ರೊಫ್ಲಾಕ್ಸಾಸಿನ್‌ಗೂ ಭಾರತದಲ್ಲಿ ಈಗ ಬ್ಯಾಕ್ಟೀರಿಯಾ ಹೆಚ್ಚಾಗಿ ಬಗ್ಗುವುದಿಲ್ಲ. ಸೆಫ್ಟ್ರಿಯಾಕ್ಸೋನ್, ಅಜಿಥ್ರೊಮೈಸಿನ್ ಮೇಲೆ ಭಾರ ಬಿದ್ದಿದೆ. ಪಾಕಿಸ್ತಾನದ ಸಿಂಧ್‌ನಲ್ಲಿ 2016ರಿಂದ ಹರಡಿದ ತಳಿಗೆ ಸೆಫ್ಟ್ರಿಯಾಕ್ಸೋನ್ ಕೂಡ ನಾಟಲಿಲ್ಲ. ತಮಾಷೆಯೆಂದರೆ, ಬಳಕೆ ಕಡಿಮೆಯಾದ ಹಳೆಯ ಔಷಧಗಳಿಗೆ ನಮ್ಮಲ್ಲಿ ಬ್ಯಾಕ್ಟೀರಿಯಾ ಮತ್ತೆ ಮಣಿಯುತ್ತಿದೆ!

ಔಷಧ ಶುರುವಾದ ಮೂರನೇ ದಿನವೂ ಜ್ವರ ಬಂದರೆ ಗಾಬರಿ ಬೇಡ. ಸರಿಯಾದ ಔಷಧಕ್ಕೂ ನಾಲ್ಕೈದು ದಿನ ಬೇಕಾಗುತ್ತದೆ. ಜ್ವರದ ಏರಿಳಿತ ಬರೆದಿಡಿ, ನೀವೇ ಮಾತ್ರೆ ಬದಲಿಸಬೇಡಿ. ಜ್ವರ ಬಿಟ್ಟಿತೆಂದು ಕೋರ್ಸ್ ಅರ್ಧಕ್ಕೆ ನಿಲ್ಲಿಸುವುದೂ ಬೇಡ. ಹೊಟ್ಟೆ ಜೋರಾಗಿ ನೋಯುತ್ತಿದ್ದರೆ, ಮಲ ಕಪ್ಪಗಾದರೆ, ರೋಗಿ ಮಂಕಾದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಓಡಿ.

ಮನೆಯ ಮಕ್ಕಳಿಗೆ ಟೈಫಾಯ್ಡ್ ಕಾಂಜುಗೇಟ್ ಲಸಿಕೆ ಬಗ್ಗೆ ಕೇಳಿ, ಆರು ತಿಂಗಳು ತುಂಬಿದ ಮಗುವಿಗೂ ಕೊಡಬಹುದು. ಗುಣವಾದವರು ಹೋಟೆಲ್, ಮೆಸ್‌ನಲ್ಲಿ ಅಡುಗೆ ಮಾಡುವವರಾದರೆ ಕೆಲಸಕ್ಕೆ ಮರಳುವ ಮುನ್ನ ಮಲ ಪರೀಕ್ಷೆ ಮಾಡಿಸಲಿ. ಜ್ವರ ಹೋದರೂ ಕೆಲವರ ಪಿತ್ತಕೋಶದಲ್ಲಿ ಬ್ಯಾಕ್ಟೀರಿಯಾ ಉಳಿದಿರುತ್ತದೆ.